ಬೈದವರಿಗೆ ಸ್ಪೀಡು

"ಬುದ್ಧಿ, ಯಾರಿಗೂ ಇಲ್ಲ ಎನ್ನದವನು ಒಳ್ಳೆಯವನಲ್ಲವೇ?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಮಠಕ್ಕೆ ಬರುವ ಯಾತ್ರಿಕರಿಗೆ ಕೋಣೆ ಕೊಡುವ ಕೆಲಸ ನೋಡಿಕೊಳ್ಳುತ್ತಿದ್ದ. ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಆದರೂ ಅಂಗಳದಲ್ಲಿ ದಿನಾ ಜಗಳ. ಕೆಲಸವನ್ನೇ ಬಿಟ್ಟುಬಿಡಲೇ ಎಂಬಷ್ಟು ಬೇಸತ್ತಿದ್ದ.

ಗುರುಗಳು ಅವನ ಮುಖ ನೋಡಿದರು. "ಕೂತುಕೋ" ಎಂದರು. ಕತೆ ಹೇಳಿದರು.

ಒಂದು ಊರು. ಎಲ್ಲಿ ಅಗೆದರೂ ಬಂಡೆ. ನೆಲದಲ್ಲಿ ಕೇಬಲ್ ಹಾಕಲು ಯಾವ ಕಂಪನಿಯೂ ಬರಲಿಲ್ಲ. ಆಗ ಊರಿನವನೇ ಒಬ್ಬ ಗುಡ್ಡದ ಮೇಲೆ ಕಂಬ ನಿಲ್ಲಿಸಿದ. ಪಟ್ಟಣದ ದೊಡ್ಡ ಕಂಪನಿಯಿಂದ ಇಂಟರ್‌ನೆಟ್ಟನ್ನು ಸಗಟಾಗಿ ಕೊಂಡು, ತಂತಿಯಿಲ್ಲದೆ, ಗಾಳಿಯ ಮೂಲಕ ಮನೆಮನೆಗೆ ಹಂಚಿದ. ತಾರಸಿಯ ಮೇಲೆ ಒಂದು ಸಣ್ಣ ತಟ್ಟೆ. ಅದರ ಮುಖ ಗುಡ್ಡದ ಕಡೆಗೆ. ಅಷ್ಟೇ. ಜನ ಅವನನ್ನು ನೆಟ್ಟಿನವನು ಎಂದು ಕರೆದರು.

ಮೊದಮೊದಲು ಮನೆಗಳು ಕಡಿಮೆ, ನೆಟ್ಟು ಧಾರಾಳ. 'ಎಷ್ಟು ಬೇಕೋ ಅಷ್ಟು, ಯಾವಾಗ ಬೇಕೋ ಆವಾಗ' ಎಂದು ಅಂಗಡಿಯ ಮುಂದೆ ಬೋರ್ಡು ಬರೆಸಿದ. ಬರೆಸಿದಾಗ ಅದು ಸುಳ್ಳಾಗಿರಲಿಲ್ಲ.

ಕೇಳಿದವರಿಗೆಲ್ಲ ಆಗಲಿ ಎಂದ. ಒಂದು ಬೀದಿಯಾಯಿತು, ಇನ್ನೊಂದು ಬೀದಿಯಾಯಿತು. ತಟ್ಟೆಗಳು ಹೆಚ್ಚಿದವು. ಗುಡ್ಡಕ್ಕೆ ಬರುವ ನೆಟ್ಟು ಹೆಚ್ಚಲಿಲ್ಲ. ದೊಡ್ಡ ಕಂಪನಿಯವರನ್ನು ಕೇಳಿದ. ಆ ಗುಡ್ಡಕ್ಕೆ ಅದಕ್ಕಿಂತ ಹೆಚ್ಚು ಕಳಿಸಲಾಗದು ಎಂದುಬಿಟ್ಟರು. ಊರಿಗೆ ಈ ಮಾತು ಹೇಳಲು ಅವನಿಗೆ ನಾಲಗೆ ಏಳಲಿಲ್ಲ. ಜನ ತಟ್ಟೆ ಕಿತ್ತು ಎಸೆದರೆ ಹೊಟ್ಟೆಪಾಡೇನು?

ಹಗಲು ಹೇಗೋ ನಡೆಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಊರಿಗೆ ಊರೇ ಒಟ್ಟಿಗೆ ನೆಟ್ಟಿಗೆ ಕೂರುತ್ತಿತ್ತು. ಆಗ ಯಾರಿಗೂ ಸರಿಯಾಗಿ ಸಿಗುತ್ತಿರಲಿಲ್ಲ. ಫೋನು ಬಡಿದುಕೊಳ್ಳತೊಡಗಿತು.

ಮೊದಲು ಬೈದವನು ಅಕ್ಕಿ ಗಿರಣಿಯ ಯಜಮಾನ. "ಏನೋ, ಬೌಲರು ಓಡಿ ಬಂದವನು ಅರ್ಧದಲ್ಲೇ ನಿಂತುಬಿಟ್ಟ. ಅವನ ಕಾಲು ಮುರಿಯಿತೋ, ಇಲ್ಲ ನಾನು ಬಂದು ನಿನ್ನದು ಮುರಿಯಬೇಕೋ?"

"ಆಯ್ತು ಯಜಮಾನ್ರೇ, ಈಗಲೇ ಸರಿ ಮಾಡ್ತೀನಿ."

ನೆಟ್ಟಿನವನು ಕಂಪ್ಯೂಟರಿನ ಮುಂದೆ ಕೂತು ಯಜಮಾನನ ಮನೆಯ ಸ್ಪೀಡು ಏರಿಸಿದ. ಒಂದು ಕಡೆ ಏರಿಸಬೇಕಾದರೆ ಇನ್ನೊಂದು ಕಡೆ ಇಳಿಸಬೇಕು. ಯಾವ ಮನೆಯಿಂದ ಫೋನು ಬರುವುದಿಲ್ಲವೋ ಆ ಮನೆಯದು ಇಳಿಸಿದ. ಯಜಮಾನ ತಣ್ಣಗಾದ. ನೆಟ್ಟಿನವನು ಉಸಿರು ಬಿಟ್ಟ.

ಅಂದಿನಿಂದ ಅದೇ ಪದ್ಧತಿ. ಬೈದವರಿಗೆ ಏರಿಸುವುದು, ಸುಮ್ಮನಿದ್ದವರಿಗೆ ಇಳಿಸುವುದು. ಅತ್ತ ಕೂಸಿಗೆ ಹಾಲು.

ಗುಟ್ಟು ಊರಿಗೆ ತಿಳಿಯಲು ತಡವಾಗಲಿಲ್ಲ. ಮೆತ್ತಗಿನವರೂ ಬೈಯುವುದನ್ನು ಕಲಿತರು. ಫೋನಿನಲ್ಲಿ ಪಾಠ ಹೇಳುವ ಮೇಷ್ಟರು ಮೊದಲ ದಿನ ತಡವರಿಸಿ, ಎರಡು ಸಲ ಕ್ಷಮೆ ಕೇಳಿ ಬೈದರು. ತಿಂಗಳೊಳಗೆ ಗಿರಣಿಯವನನ್ನೂ ಮೀರಿಸಿದರು. ಊರಿಗೆ ಬೈಗುಳದ ಶಾಲೆ ತೆರೆದವನು ತಾನೇ ಎಂದು ನೆಟ್ಟಿನವನಿಗೆ ಹೊಳೆಯಲಿಲ್ಲ. ಸಂಜೆಯಾದರೆ ತುತ್ತು ಇಳಿಯದು. ಫೋನು ಕಂಡರೆ ಹಾವು ಕಂಡ ಹಾಗೆ. ಆದರೂ ಒಂದು ಸಮಾಧಾನವಿತ್ತು: ತಾನು ಯಾರಿಗೂ ಇಲ್ಲ ಎಂದವನಲ್ಲ.

ಒಂದು ಮಧ್ಯಾಹ್ನ ಊದುಬತ್ತಿ ಹೊಸೆಯುವ ಹೆಂಗಸು ಅಂಗಡಿಗೆ ಬಂದಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳದು, ಮಾತು ಬಾರದು. ಅವಳ ಮಗಳೂ ಹಾಗೆಯೇ. ಮಗಳನ್ನು ದೂರದ ಊರಿಗೆ ಕೊಟ್ಟಿತ್ತು. ಒಳ್ಳೆಯ ಮನೆ, ಆದರೆ ಅಲ್ಲಿ ಸನ್ನೆ ಬಲ್ಲವರು ಒಬ್ಬರೂ ಇಲ್ಲ. ಸಂಜೆ ಕೆಲಸ ಮುಗಿಸಿ, ಫೋನಿನಲ್ಲಿ ತಾಯಿಯ ಮುಖ ನೋಡಿಕೊಂಡು ಕೈಯಲ್ಲಿ ಆಡುವುದೇ ಆ ಮಗಳಿಗೆ ಇಡೀ ದಿನದ ಮಾತು.

ಹೆಂಗಸಿನ ಜೊತೆಗೆ ನೆರೆಮನೆಯ ಸೈಕಲ್ ಶಾಪಿನವನು ಬಂದಿದ್ದ. ಅವನು ಬಾಯಿ ತೆರೆಯುವ ಮೊದಲೇ ಅವಳು ಮುಂದೆ ಬಂದಳು. ಎರಡೂ ಕೈ ಎತ್ತಿದಳು. ಬೆರಳುಗಳು ಸರಸರನೆ ಆಡಿದವು. ಆಡುತ್ತ ಆಡುತ್ತ ಗಾಳಿಯಲ್ಲೇ ನಿಂತುಬಿಟ್ಟವು. ಅವಳು ಕೈ ಇಳಿಸಲಿಲ್ಲ. ನೆಟ್ಟಿನವನನ್ನೇ ನೋಡುತ್ತ ಹಾಗೇ ನಿಂತಳು. ಅವನಿಗೆ ಏನೂ ತಿಳಿಯಲಿಲ್ಲ. ಎತ್ತಿದ ಕೈಗಳು ಸೋತು ನಡುಗತೊಡಗಿದವು. ಆಗ ತಿಳಿಯಿತು: ಫೋನಿನಲ್ಲಿ ಅವಳ ಕೈ ಹೀಗೇ ನಿಂತುಬಿಡುತ್ತಿದೆ.

"ಎಷ್ಟು ದಿನದಿಂದ ಹೀಗಾಗಿದೆ? ಒಂದು ಮಾತು ಹೇಳಬಾರದಿತ್ತಾ?" ಎಂದ.

ಸೈಕಲ್ ಶಾಪಿನವನು ನಕ್ಕ. "ಏನಂತ ಹೇಳೋದಪ್ಪಾ? ನೀನು ಕೊಡೋದು ಬೈದವರಿಗೆ. ಈಯಮ್ಮ ಯಾವ ಬಾಯಲ್ಲಿ ಬೈದಾಳು?"

ನೆಟ್ಟಿನವನು ಕಂಪ್ಯೂಟರ್ ನೋಡಿದ. ಊರಿನ ಎಲ್ಲ ಮನೆಗಳಿಗಿಂತ ಕೆಳಗೆ ಅವಳ ಮನೆ ಇತ್ತು. ಇಳಿಸಿದವನು ತಾನೇ. ಒಂದೊಂದು ಸಲವೂ ಸ್ವಲ್ಪ ಸ್ವಲ್ಪವೇ. ಯಜಮಾನನ ಆಟ ಓಡಿದ್ದು ಇವಳ ಕೈಯನ್ನು ನಿಲ್ಲಿಸಿ.

ಅಂದೇ ಬೋರ್ಡು ಇಳಿಸಿದ. ಎಲ್ಲ ಮನೆಗಳ ಸ್ಪೀಡನ್ನೂ ಒಂದೇ ಮಟ್ಟಕ್ಕೆ ತಂದ. ಹೊತ್ತು ಇಳಿಯುವ ಮುಂಚೆ ಜನರನ್ನು ಅಂಗಡಿಯ ಮುಂದೆ ಕೂಡಿಸಿದ.

"ಗುಡ್ಡಕ್ಕೆ ಬರೋದು ಇಷ್ಟೇ. ಸಂಜೆ ಎಲ್ಲರೂ ಒಟ್ಟಿಗೆ ಕೂತರೆ ಮನೆಗೆ ಸಿಗೋದೂ ಇಷ್ಟೇ. ಮುಖ ನೋಡಿ ಮಾತಾಡಬಹುದು. ಆಟ ನೋಡಬಹುದು, ಚಿತ್ರ ಮಸುಕಾಗಿರುತ್ತೆ. ಸಿನಿಮಾ ಬೇಕಾದವರು ಹಗಲು ಇಳಿಸಿಕೊಳ್ಳಿ. ಹೊಸ ಮನೆಗೆ ಇನ್ನು ತಟ್ಟೆ ಇಲ್ಲ. ಬೈದರೂ ಇಷ್ಟೇ, ಬೈಯದಿದ್ದರೂ ಇಷ್ಟೇ. ಬೇಡ ಅನ್ನೋರು ತಟ್ಟೆ ವಾಪಸು ಕೊಡಬಹುದು."

ಹೇಳಿ ತಲೆ ತಗ್ಗಿಸಿದ. ಕಂಬ ಹೋಯಿತು, ಅಂಗಡಿ ಹೋಯಿತು ಎಂದುಕೊಂಡ.

ಗಿರಣಿಯ ಯಜಮಾನ ಎದ್ದ. "ಇಷ್ಟೇನಾ? ಅಯ್ಯೋ ನಿನ್ನ ಮನೆ ಕಾಯ್ವಾಗ! ಮೊದಲೇ ಬಾಯಿ ಬಿಡೋಕೆ ಏನಾಗಿತ್ತೋ? ದಿನಾ ನಿನ್ನನ್ನ ಬೈದು ಬೈದು ನನಗೆ ಬಿ.ಪಿ. ಬಂತಲ್ಲೋ."

ಜನ ನಕ್ಕರು. ಒಂದೆರಡು ಮನೆಯವರು ಗೊಣಗಿ ತಟ್ಟೆ ವಾಪಸು ಕೊಟ್ಟರು. ಉಳಿದವರು ಇಷ್ಟರಲ್ಲೇ ಸಂಸಾರ ಹೊಂದಿಸಿಕೊಂಡರು. ಮೇಷ್ಟರು ಪಾಠವನ್ನು ಬೆಳಿಗ್ಗೆಗೆ ಹಾಕಿಕೊಂಡರು.

ಮಾರನೆಯ ಸಂಜೆ ಫೋನು ಬಡಿದುಕೊಳ್ಳಲಿಲ್ಲ. ಕೆಟ್ಟಿತೇನೋ ಎಂದು ನೆಟ್ಟಿನವನು ಅದನ್ನು ಕೊಡವಿದ, ಕಿವಿಗೆ ಹಿಡಿದ. ಹೆಂಡತಿಯ ಫೋನಿನಿಂದ ಕರೆ ಮಾಡಿಸಿದ. ಬಡಿದುಕೊಂಡಿತು.

"ಚೆನ್ನಾಗೇ ಇದೆಯಲ್ಲ. ಬಡಿಸಲಾ?" ಎಂದಳು ಹೆಂಡತಿ.

ಅಂದು ಎರಡನೆಯ ಸಲವೂ ಅನ್ನ ಹಾಕಿಸಿಕೊಂಡ. ಕೈ ತೊಳೆದು ಬೀದಿಯಲ್ಲಿ ನಡೆದ. ಊದುಬತ್ತಿಯವಳ ಕಿಟಕಿ ತೆರೆದಿತ್ತು. ಒಳಗೆ ಅವಳ ಕೈಗಳು ಆಡುತ್ತಿದ್ದವು. ಅವಳು ಇವನನ್ನು ನೋಡಲಿಲ್ಲ. ಅವನೂ ನಿಲ್ಲಲಿಲ್ಲ. ಮೈ ಹಗುರಾಗಿ ಮನೆಗೆ ಬಂದ.

ಗುರುಗಳು ಕತೆ ಮುಗಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಬುದ್ಧಿ, ಅವನು ಕೇಳಿದವರಿಗೆಲ್ಲ ಕೊಟ್ಟನಲ್ಲ. ನಾನೂ ಕೊಡುತ್ತಲೇ ಇದ್ದೇನೆ. ಮೊನ್ನೆ ಕಾರಿನಲ್ಲಿ ಬಂದವರು ಕೂಗಾಡಿದರು. ನಿಂತ ಕಾಲಲ್ಲೇ ಕೋಣೆ ಬಿಡಿಸಿ ಕೊಟ್ಟೆ."

ಗುರುಗಳು ಕೇಳಿದರು: "ಕೊಟ್ಟೆ, ಸರಿ, ಯಾರದನ್ನು ಕೊಟ್ಟೆ?"