ನಿಂತ ಹಡಗು

“ಗುರುಗಳೇ, ಮೊದಲೆಲ್ಲ ಮನೆಯಿಂದ ಸುದ್ದಿ ಬಂದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಈ ಸಲ ತಂಗಿಗೆ ಕಾಯಿಲೆ ಜೋರಾಗಿದೆ, ಒಮ್ಮೆ ಬಂದು ಹೋಗು ಎಂದು ಹೇಳಿಕಳುಹಿಸಿದರು. ನನ್ನ ಮನಸ್ಸು ಒಂದಿಷ್ಟೂ ಅಲುಗಲಿಲ್ಲ. ನಾನು ಹುಡುಕಿಕೊಂಡು ಬಂದ ಶಾಂತಿ ಇದೇ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಕೇಳಿದ ಧಾಟಿಯಲ್ಲಿ ಪ್ರಶ್ನೆಗಿಂತ ಹೆಮ್ಮೆಯೇ ಹೆಚ್ಚಿತ್ತು. ಬೆನ್ನು ತಟ್ಟಿಸಿಕೊಳ್ಳಲು ಬಂದವನ ಹಾಗೆ ಕೂತಿದ್ದ. ಗುರುಗಳು ಬೆನ್ನು ತಟ್ಟಲಿಲ್ಲ. ಒಂದು ಕತೆ ಹೇಳಿದರು.

ಕಡಲ ತೀರದ ಊರಿನಲ್ಲಿ ಒಬ್ಬ ಮುದುಕನಿದ್ದ. ಪ್ರಾಯದಲ್ಲಿ ಮಂಜಿ ನಡೆಸಿದವನು. ಹಾಯಿ ಕಟ್ಟಿದ ಆ ಮರದ ಹಡಗಿನಲ್ಲಿ ಹೆಂಚು ಹೇರಿಕೊಂಡು ಹೋಗಿ ಖರ್ಜೂರ ಹೇರಿಕೊಂಡು ಬರುತ್ತಿದ್ದ. ಅವನ ಮನೆಯಲ್ಲೊಂದು ರೂಢಿ ಇತ್ತು. ಗಂಡಸು ಕಡಲಿಗೆ ಇಳಿದ ದಿನ ದೇವರ ಮುಂದೆ ಒಂದು ದೀಪ ಹಚ್ಚುವರು. ಹಡಗು ಯಾವುದೋ ಬಂದರಿನಲ್ಲಿ ಲಂಗರು ಹಾಕಿತೆಂಬ ಸುದ್ದಿ ಮುಟ್ಟಿದ ಮೇಲೆಯೇ ಅದನ್ನು ಶಾಂತ ಮಾಡುವರು. ಲಂಗರು ಬಿತ್ತೆಂದರೆ ಜೀವ ಉಳಿಯಿತು ಎಂದು ಅರ್ಥ. ಅದರಾಚೆ ಹೆದರುವುದಕ್ಕೆ ಏನೂ ಇಲ್ಲವೆಂದೇ ಅವರೆಲ್ಲ ತಿಳಿದಿದ್ದರು.

ಮುದುಕನಿಗೆ ಒಬ್ಬನೇ ಮಗ. ಅವನೂ ಹಡಗಿಗೇ ಹೋದ, ಈಗಿನ ಕಬ್ಬಿಣದ ಸರಕು ಹಡಗಿಗೆ. ಹೊರಡುವ ಮುಂಚೆ ತಂದೆಯ ಫೋನಿನಲ್ಲಿ ಒಂದು ನಕ್ಷೆ ಹಾಕಿಕೊಟ್ಟ. ನಕ್ಷೆಯ ನೀಲಿಯ ನಡುವೆ ಒಂದು ಹಸಿರು ಚುಕ್ಕೆ ಇತ್ತು. ಅದು ತನ್ನ ಹಡಗು, ಅದು ಎಲ್ಲಿದ್ದರೂ ಮನೆಯಲ್ಲಿ ಕೂತೇ ನೋಡಬಹುದು ಎಂದು ಹೇಳಿಹೋದ.

ಅಂದಿನಿಂದ ಮುದುಕನ ಊಟ ನಿದ್ದೆಯೆಲ್ಲ ಆ ಚುಕ್ಕೆಗೆ ಗಂಟುಬಿತ್ತು. ಹಡಗನ್ನು ನೀನೇ ನಡೆಸುತ್ತೀಯೇನು ಎಂದು ಊರವರು ತಮಾಷೆ ಮಾಡಿದರು. ಅವನು ನಗಲಿಲ್ಲ. ಯಾವ ನೀರಿನಲ್ಲಿ ಯಾವಾಗ ಗಾಳಿ ಏಳುತ್ತದೆಂದು ತಿಳಿದವನಿಗೆ ಹೆದರುವುದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಚುಕ್ಕೆ ಸರಿದಾಗಲೆಲ್ಲ ಎದ್ದು, ಮಗ ಹೊರಟ ದಿನ ಹಚ್ಚಿದ ದೀಪಕ್ಕೆ ಎಣ್ಣೆ ಹೊಯ್ಯುವನು. ಮಳೆಗಾಲವಿಡೀ ಅನ್ನ ಸೇರಲಿಲ್ಲ. ಸೊಸೆ ಬೈದರೂ ಕೇಳಲಿಲ್ಲ. ಹೆದರಿ ಹೆದರಿ ಮನುಷ್ಯ ಬಳಲಿ ಹೋದ.

ಮಳೆ ಹಿಂದಾದ ಮೇಲೆ ಒಂದು ಬೆಳಿಗ್ಗೆ ಚುಕ್ಕೆ ದೂರದೇಶದ ಬಂದರೊಂದರ ಹೊರಗೆ ನಿಂತಿತು. ಮರುದಿನವೂ ಅಲ್ಲೇ ಇತ್ತು. ಮುದುಕ ಫೋನನ್ನು ಕಣ್ಣಿಗೆ ಒತ್ತಿಕೊಂಡ. ಹೂವಿನ ಎಸಳಿನಿಂದ ದೀಪ ಶಾಂತ ಮಾಡಿದ. ಹೊಟ್ಟೆ ತುಂಬ ಉಂಡು, ಬಿಸಿಲೇರುವವರೆಗೂ ಮಲಗಿದ.

ಕೆಲವು ದಿನ ಕಳೆದು ಮಗ ಫೋನು ಮಾಡಿದ. ಹಡಗಿನ ಮಾಲೀಕ ತಮ್ಮನ್ನೆಲ್ಲ ಕೈಬಿಟ್ಟಿದ್ದಾನೆ, ಕರೆದರೆ ಓಗೊಡುತ್ತಿಲ್ಲ, ಕಾಗದಪತ್ರವಿಲ್ಲದೆ ದಡ ಹತ್ತಲು ಬಂದರಿನವರು ಬಿಡುತ್ತಿಲ್ಲ, ಕುಡಿಯುವ ನೀರು ತಳ ಕಂಡಿದೆ ಎಂದ.

“ಲಂಗರು ಬಿದ್ದಾಯ್ತಲ್ಲ ಮಗಾ. ಬಂದರು ಕಣ್ಣೆದುರೇ ಉಂಟು. ಇನ್ನೆಂತ ಹೆದರಿಕೆ?” ಎಂದು ಮುದುಕ ಸಮಾಧಾನ ಹೇಳಿದ.

“ಸರಿ ಅಪ್ಪ” ಎಂದು ಮಗ ಫೋನು ಇಟ್ಟ. ಆಮೇಲೆ ಅವನ ಫೋನು ಹತ್ತಲಿಲ್ಲ.

ಸೊಸೆ ಮುದುಕನ ಬಳಿ ಓಡಿ ಬಂದಳು. “ಮಾವ, ನಾಳೆಯೇ ಜಿಲ್ಲಾಧಿಕಾರಿ ಹತ್ರ ಹೋಗುವ. ಇಲ್ಲಿಂದ ಹೇಳಿದರೆ ದೊಡ್ಡವರು ಅಲ್ಲಿಯವರ ಹತ್ರ ಮಾತಾಡ್ತಾರಂತೆ. ಅಲ್ಲಿ ಅವರಿಗೆ ಕುಡಿಲಿಕ್ಕೆ ನೀರಿಲ್ಲ ಮಾವ” ಎಂದಳು.

ಮುದುಕ ಫೋನು ಮುಂದೆ ಹಿಡಿದ. “ನೋಡು ಮಗಳೇ, ಒಂದು ನೂಲಿನಷ್ಟೂ ಸರಿಯಲಿಲ್ಲ. ನಿಂತ ಹಡಗಿಗೆ ಎಂತ ಆಗ್ತದೆ? ನಾನು ಕಡಲು ಕಂಡವ.”

ಅವನೇನೂ ಕಲ್ಲೆದೆಯವನಲ್ಲ. ಮಗನೆಂದರೆ ಪ್ರಾಣ. ಆದರೆ ಎಷ್ಟೋ ತಿಂಗಳ ಮೇಲೆ ಅವನಿಗೆ ನಿದ್ದೆ ಬಂದಿತ್ತು. ಆ ನಿದ್ದೆಯನ್ನು ಬಿಟ್ಟುಕೊಟ್ಟು ಮತ್ತೆ ಹೆದರಲು ಶುರುಮಾಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಸೊಸೆ ಬಾಯಿ ತೆರೆದಾಗಲೆಲ್ಲ ಚುಕ್ಕೆ ನೋಡಿದ. ಚುಕ್ಕೆ ನಿಂತೇ ಇತ್ತು. ಅಷ್ಟು ಸಾಕೆಂದು ತಿರುಗಿ ಮಲಗಿದ.

ಮಾವನ ಮಾತು ಮೀರಲಾರದೆ ಸೊಸೆ ಕಾದಳು. ಕಾದು ಕಾದು ಕೊನೆಗೆ ಒಬ್ಬಳೇ ಹೋಗಿ ಅಧಿಕಾರಿಗಳ ಮುಂದೆ ಅತ್ತಳು. ಇಲ್ಲಿಂದ ಕಾಗದ ಹೋಯಿತು, ಅಲ್ಲಿಂದ ದೋಣಿ ಹೊರಟಿತು. ದೋಣಿಯವರು ಹತ್ತಿ ನೋಡಿದರೆ ಹಡಗಿನಲ್ಲಿ ಎಣ್ಣೆ ಮುಗಿದು ಯಂತ್ರಗಳು ಎಂದೋ ನಿಂತಿದ್ದವು. ಮುದುಕನ ಫೋನು ಇಷ್ಟು ದಿನ ತೋರಿಸುತ್ತಿದ್ದದ್ದು ಹಡಗು ಕಡೆಯ ಸಲ ಸುಳಿವು ಕೊಟ್ಟ ಜಾಗವನ್ನು ಅಷ್ಟೇ. ಉಳಿದವರು ತುಕ್ಕುನೀರು ಕುಡಿದು ಹೇಗೋ ಜೀವ ಹಿಡಿದಿದ್ದರು. ಮುದುಕನ ಮಗನಿಗೆ ಅದು ಒಗ್ಗಲಿಲ್ಲ. ವಾಂತಿಭೇದಿಯಾಗಿ, ದೋಣಿ ಬರುವ ಮುಂಚೆಯೇ ಹೋಗಿಬಿಟ್ಟಿದ್ದ. ಅವನು ಮಲಗಿದ್ದ ಜಾಗದಿಂದ ಬಂದರಿನ ಬೀದಿದೀಪಗಳು ಕಾಣುತ್ತಿದ್ದವಂತೆ.

ಸುದ್ದಿ ಕೇಳಿದ ಮುದುಕ ಅಳಲಿಲ್ಲ. ಫೋನು ತೆಗೆದು ನೋಡಿದ. ಚುಕ್ಕೆ ಅಲ್ಲೇ ಇತ್ತು, ಹಸಿರಾಗಿಯೇ ಇತ್ತು. ಎದ್ದು ಹೋಗಿ ಆ ದೀಪಕ್ಕೆ ಎಣ್ಣೆ ಹೊಯ್ದ. ಬತ್ತಿ ಹೊಸೆದು ಇಟ್ಟ. ಹಚ್ಚಲು ಕೈ ಏಳಲಿಲ್ಲ. ಹಚ್ಚಿದರೆ ಇನ್ನು ಎಂದು ಶಾಂತ ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಅಂದಿನಿಂದ ಅವಳು ಅವನಿಗೆ ಅನ್ನ ಬಡಿಸಿದಳು, ಬಟ್ಟೆ ಒಗೆದು ಕೊಟ್ಟಳು. ಒಂದು ಮಾತನ್ನೂ ಆಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಬಿಡಲಿಲ್ಲ. “ಆದರೆ ಗುರುಗಳೇ, ಮುದುಕ ಕಂಡದ್ದು ಸುಳ್ಳಲ್ಲವಲ್ಲ. ಹಡಗು ನಿಜಕ್ಕೂ ನಿಂತಿತ್ತು.”

“ನಿಂತಿತ್ತು. ಅದಿರಲಿ, ತಂಗಿಗೆ ಕಾಯಿಲೆಯೆಂದು ಮನೆಯವರು ಹೇಳಿಕಳುಹಿಸಿ ಎಷ್ಟು ದಿನವಾಯಿತು?” ಎಂದು ಗುರುಗಳು ಕೇಳಿದರು.

ಶಿಷ್ಯನಿಗೆ ನೆನಪಾಗಲಿಲ್ಲ.