ತಿದಿಗುಡ್ಡಕ್ಕೆ ಆ ಹೆಸರು ಬಂದದ್ದು

ಎರೆಹೊಳಲಿಗೂ ಕೆಂಗಲಾಪುರಕ್ಕೂ ನಡುವೆ ಇರುವ ಗುಡ್ಡಕ್ಕೆ ತಿದಿಗುಡ್ಡವೆಂದು ಹೆಸರು. ಎತ್ತರವೇನೂ ಹೆಚ್ಚಿಲ್ಲ, ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಮುಗಿಯುವಷ್ಟರಲ್ಲಿ ನೆತ್ತಿ ಸೇರಬಹುದು. ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ, ವೀರಗಲ್ಲೂ ಇಲ್ಲ. ಅಂಥದ್ದೇನನ್ನಾದರೂ ಹುಡುಕಿಕೊಂಡು ಬಂದವರಿಗೆ ಕಾಣುವುದು ನಾಲ್ಕು ಕಲ್ಲುಕಂಬಗಳ ಮೇಲೆ ಹೊದಿಸಿದ ಚಪ್ಪರ, ಅದರಡಿಯಲ್ಲಿ ಮಸಿ ಹಿಡಿದ ಒಲೆಗುಣಿ, ಸುತ್ತ ಚೆಲ್ಲಾಡಿದ ಕಬ್ಬಿಣದ ಕಿಟ್ಟ. ಮನೆಮಠವಿಲ್ಲದ ಬೋಳು ನೆತ್ತಿಯ ಮೇಲೆ ಕುಲುಮೆ ಯಾಕೆ ಎಂದು ಕೇಳದವರಿಲ್ಲ. ಇದ್ದಿಲನ್ನೂ ಹೊತ್ತು ತರಬೇಕು, ನೀರನ್ನೂ ಹೊತ್ತು ತರಬೇಕು. ಬುದ್ಧಿಯಿರುವ ಕಮ್ಮಾರ ಅಲ್ಲಿ ಕುಲುಮೆ ಹೂಡುವುದಿಲ್ಲ. ಹೂಡಿದವನಿಗೂ ಅದು ಚೆನ್ನಾಗಿ ಗೊತ್ತಿತ್ತು ಎನ್ನುತ್ತಾರೆ ಎರಡೂ ಊರಿನ ಹಿರಿಯರು.

ಹಿಂದೆ ಒಮ್ಮೆ, ಪಾಳೆಯಗಾರರ ಆಳ್ವಿಕೆ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಇದನ್ನು ಗಡಿಗುಡ್ಡ ಎಂದು ಕರೆಯುತ್ತಿದ್ದರು. ಮೂಡಲಿಗೆ ಎರೆಹೊಳಲಿನ ಕಪ್ಪು ಭೂಮಿ, ಪಡುವಲಿಗೆ ಕೆಂಗಲಾಪುರದ ಕೆಂಪು ಮಣ್ಣು. ಬೇಸಿಗೆ ಬಲಿತು ಬಯಲಿನ ಹುಲ್ಲೆಲ್ಲ ತೀರಿದ ಮೇಲೆ ಎರಡೂ ಊರಿನ ದನಗಳಿಗೆ ಉಳಿಯುತ್ತಿದ್ದದ್ದು ಗುಡ್ಡದ ಮೇಲಿನ ಮೇವೊಂದೇ. ಗುಡ್ಡ ನಮ್ಮದು ಎಂದು ಇವರು, ನಮ್ಮದು ಎಂದು ಅವರು. ಮೊದಲು ಬಾಯಿಮಾತಿನಲ್ಲಿದ್ದ ಜಗಳ ದೊಣ್ಣೆಗೆ ಬಂತು, ದೊಣ್ಣೆಯಿಂದ ಈಟಿಗೆ ಬಂತು. ಮೂರು ತಲೆಮಾರು ಕಳೆಯುವಷ್ಟರಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ಕಾಳಗ ಆಗಲೇಬೇಕು ಎನ್ನುವುದು ಬಿತ್ತನೆಯಷ್ಟೇ ರೂಢಿಯಾಗಿಹೋಯಿತು. ಒಂದು ಊರಿನ ಹೆಣ್ಣನ್ನು ಇನ್ನೊಂದು ಊರಿಗೆ ಕೊಡುತ್ತಿರಲಿಲ್ಲ. ಆ ಊರಿನವರು ನೀರು ಕುಡಿದ ಹಳ್ಳದಲ್ಲಿ ಈ ಊರಿನವರು ಎತ್ತು ಕೂಡ ತೊಳೆಯುತ್ತಿರಲಿಲ್ಲ.

ಎರೆಹೊಳಲಿನ ಕಮ್ಮಾರ ಮೋನಾಚಾರಿ. ಹೆಂಡತಿ ತೀರಿಕೊಂಡಿದ್ದಳು, ಕುಲುಮೆಯ ಬೆಂಕಿಗೆ ಗಾಳಿಯೂದುವ ತೊಗಲಿನ ತಿದಿ ಒತ್ತಲು ತಮ್ಮನಿದ್ದ. ಮಾತು ಕಡಿಮೆ, ಕೆಲಸ ಗಟ್ಟಿ. ಕುಳ, ಕುಡುಗೋಲು, ಗುದ್ದಲಿ ಮಾಡುವ ಕೈಯಲ್ಲೇ ಬೇಸಿಗೆ ಬಂದರೆ ಈಟಿಯ ಅಲಗುಗಳನ್ನೂ ಮಾಡುತ್ತಿದ್ದ. ಅಪ್ಪ ಮಾಡಿದ್ದ, ತಾನೂ ಮಾಡುತ್ತಿದ್ದ. ಅದರಲ್ಲಿ ಯೋಚಿಸುವುದೇನಿದೆ ಎಂದುಕೊಂಡಿದ್ದ. ಅವನು ಕಾಳಗಕ್ಕೆ ಹೋದವನಲ್ಲ, ಹೆಣ ಹೊತ್ತವನೂ ಅಲ್ಲ. ಆ ವರ್ಷದ ಕಾಳಗದಲ್ಲಿ ಎರೆಹೊಳಲಿನವರು ಇಬ್ಬರು ಸತ್ತರು, ಕೆಂಗಲಾಪುರದ ಜುಂಜಣ್ಣನೆಂಬ ಮದುವೆಯಾದ ಹುಡುಗನೊಬ್ಬ ಸತ್ತ. ಮೋನಾಚಾರಿಗೆ ಮೂರು ಸುದ್ದಿಗಳೂ ಕುಲುಮೆಯಲ್ಲಿ ಕೂತಲ್ಲೇ ತಲುಪಿದವು.

ಮೊದಲ ಮಳೆ ಬಿದ್ದ ಮಾರನೆಯ ದಿನ ಹಾಡುಹಗಲಲ್ಲಿ ಒಬ್ಬ ಮುದುಕಿ ಗುಡ್ಡ ಇಳಿದು ಎರೆಹೊಳಲಿನ ಬೀದಿಯಲ್ಲಿ ನಡೆದು ಬಂದಳು. ಸೆರಗಿನಲ್ಲಿ ಸುತ್ತಿಕೊಂಡ ನೇಗಿಲ ಕುಳವನ್ನು ಕುಲುಮೆಯ ಮುಂದೆ ಇಟ್ಟಳು. ಮೊನೆ ಸವೆದು ಹೆಬ್ಬೆರಳಿನಷ್ಟು ಮೊಂಡಾಗಿತ್ತು. ಕೆಂಗಲಾಪುರದ ಕಮ್ಮಾರರ ಮನೆ ಹಿಂದಿನ ಸಲದ ಕಾಲರಾದಲ್ಲಿ ಬರಿದಾಗಿತ್ತು. ಅಂದಿನಿಂದ ಊರಿನವರು ಒಂದು ದಿನದ ದಾರಿ ನಡೆದು ಪೇಟೆಯಲ್ಲಿ ಕುಳದ ಮೊನೆ ಬಡಿಸಿ ಹಣಿಸುತ್ತಿದ್ದರು.

"ಯಾರವ್ವ ನೀನು?" ಎಂದು ಮೋನಾಚಾರಿ ಕೇಳಿದ.

"ಬೋರಕ್ಕ. ಜುಂಜಣ್ಣನ ತಾಯಿ. ಪೇಟೆಗೆ ಹೋಗಿ ಬರೋ ಹೊತ್ತಿಗೆ ನೆಲದ ಹಸಿ ಆರಿಹೋಗ್ತದೆ ಆಚಾರಿ. ಕುಳ ಹಣಿದುಕೊಡು. ಉಳೋಕೆ ನಾನೂ ಸೊಸೆಯೂ ಇದೀವಿ."

"ನನ್ನ ಹತ್ತಿರ ಯಾಕೆ ಬಂದೆ ತಾಯಿ?"

"ನಿನ್ನ ಹದ ಗಟ್ಟಿ ಅಂತ ಗೊತ್ತು. ನನ್ನ ಮಗನ ಪಕ್ಕೆಯೊಳಗಿಂದ ತೆಗೆದ ಅಲಗನ್ನ ನಾನೇ ತೊಳೆದೆ. ಮೂಳೆಗೆ ತಾಗಿದ್ರೂ ಬಾಗಿರಲಿಲ್ಲ."

ಅವಳು ಅದನ್ನು ಬೈಗುಳದಂತೆ ಹೇಳಲಿಲ್ಲ ಎನ್ನುತ್ತಾರೆ. ಮಡಕೆ ಕೊಳ್ಳುವವರು ಮಡಕೆಯ ಗುಣ ಹೇಳುವ ಹಾಗೆ ಹೇಳಿದಳು. ಬೈದಿದ್ದರೆ ಮೋನಾಚಾರಿ ತಡೆದುಕೊಳ್ಳುತ್ತಿದ್ದನೇನೋ. ಅವನ ಕೈಕೆಲಸವನ್ನು ಅಷ್ಟು ಸರಿಯಾಗಿ ಹೊಗಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ, ಮತ್ತು ಆ ಹೊಗಳಿಕೆ ಅವನ ಎದೆಯಲ್ಲಿ ಇಳಿದ ಬಗೆಯನ್ನು ಅವನು ಸಾಯುವತನಕ ಮರೆಯಲಿಲ್ಲ. ಕುಳವನ್ನು ಕೆಂಡದಲ್ಲಿಟ್ಟ. ತಮ್ಮ ತಿದಿ ಒತ್ತಿದ. ಕುಳ ಇನ್ನೂ ಕೆಂಪೇರುತ್ತಿರುವಾಗಲೇ ಊರಗೌಡ ಓಬಳೇಗೌಡ ಆಳುಗಳೊಂದಿಗೆ ಬಂದು ನಿಂತ. ಸತ್ತ ಇಬ್ಬರಲ್ಲಿ ಒಬ್ಬ ಅವನ ಅಣ್ಣನ ಮಗ.

"ಏನಲೇ ಆಚಾರಿ, ನನ್ನ ಊರಿನ ಬೆಂಕೀಲಿ ಆ ಊರಿನ ಕಬ್ಬಿಣ ಕಾಯಿಸ್ತೀಯ? ತೆಗಿ ಹೊರಗೆ. ಈ ಊರಲ್ಲಿ ಇಂಥ ಕೆಲಸ ನಡೆಯಕೂಡದು."

ಮೋನಾಚಾರಿ ಇಕ್ಕಳದಿಂದ ಕುಳವನ್ನು ಹೊರಗೆಳೆದು ನೀರಿಗದ್ದಿದ. "ಊರಲ್ಲಿ ಬೇಡ ಅಂದ್ರೆ ಊರಲ್ಲಿ ಮಾಡೋದಿಲ್ಲ ಗೌಡ್ರೆ" ಎಂದ. ಬೋರಕ್ಕನಿಗೆ, "ನಾಳೆ ಗುಡ್ಡದ ಮೇಲಕ್ಕೆ ಬಾ" ಎಂದ. ಸೋತವನ ಮಾತು ಎಂದುಕೊಂಡು ಗೌಡ ನಕ್ಕು ಹೋದ. ಆದರೆ ಮಾರನೆಯ ಬೆಳಿಗ್ಗೆ ಮೋನಾಚಾರಿ ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲನ್ನು ಕತ್ತೆಯ ಮೇಲೆ ಹೇರಿ, ತಿದಿಯನ್ನು ತಾನೇ ಹೊತ್ತು ಗುಡ್ಡ ಹತ್ತಿದ. ಜೊತೆಗೆ ಹೋದರೆ ಊರೊಳಗೆ ಕಾಲಿಡಬೇಡ ಎಂದು ಗೌಡ ತಮ್ಮನನ್ನು ಹೆದರಿಸಿದ್ದರಿಂದ ತಮ್ಮ ಮನೆಯಲ್ಲೇ ಉಳಿದ.

ಕುಳಕ್ಕೆ ಹೊಸ ಮೊನೆ ಬೆಸೆಯುವುದು ಒಬ್ಬರ ಕೆಲಸವಲ್ಲ. ಕಮ್ಮಾರ ಇಕ್ಕಳ ಹಿಡಿದು ಕಬ್ಬಿಣವನ್ನು ತಿರುಗಿಸಬೇಕು, ಒಬ್ಬರು ಬಿಡದೆ ತಿದಿ ಒತ್ತಬೇಕು, ಇನ್ನೊಬ್ಬರು ಚಮ್ಮಟಿಗೆಯಿಂದ ಬಡಿಯಬೇಕು. ಕುಳ ತಂದವರೇ ಚಮ್ಮಟಿಗೆ ಹಿಡಿಯುವುದು ಎಲ್ಲ ಕುಲುಮೆಗಳಲ್ಲಿಯೂ ಇದ್ದ ರೂಢಿ. ಬೋರಕ್ಕ ಬಂದಳು, ತಿದಿಗೆ ಜನವಿರಲಿಲ್ಲ. ಇಬ್ಬರೂ ಬಿಸಿಲು ಏರುವವರೆಗೆ ಸುಮ್ಮನೆ ಕೂತಿದ್ದರು. ಅಷ್ಟರಲ್ಲಿ ಎರೆಹೊಳಲಿನ ಕೆಂಚಣ್ಣ ಹೆಗಲ ಮೇಲೆ ತನ್ನ ಕುಳ ಹೊತ್ತು ಏದುಸಿರು ಬಿಡುತ್ತ ಬಂದ. ಎರೆಭೂಮಿಗೆ ಮೊಂಡು ಕುಳ ಇಳಿಯುವುದಿಲ್ಲ, ಊರಿನ ಕಮ್ಮಾರ ಗುಡ್ಡದ ಮೇಲಿದ್ದಾನೆ, ಗೌಡನ ಕೋಪ ಇಳಿಯಲಿ ಎಂದು ಮಳೆ ಕಾಯುವುದಿಲ್ಲ. ಮುದುಕಿಯನ್ನು ಕಂಡು ಕೆಂಚಣ್ಣ ಅಲ್ಲೇ ನಿಂತುಬಿಟ್ಟ. ಅವನೂ ಆ ಕಾಳಗದಲ್ಲಿದ್ದವನು. ದೂಳಿನಲ್ಲಿ ಒಂದು ಈಟಿ ಎಸೆದಿದ್ದ; ಅದು ನೆಲಕ್ಕೆ ಬಿತ್ತೋ ಮನುಷ್ಯನಿಗೆ ತಾಗಿತೋ ಅವನಿಗೇ ಗೊತ್ತಿರಲಿಲ್ಲ.

"ಅವಳು ಮೊದಲು ಬಂದವಳು. ಅವಳದು ಆಗೋವರೆಗೆ ನೀನು ತಿದಿ ಒತ್ತು. ನಿನ್ನದಕ್ಕೆ ಅವಳು ಒತ್ತಲಿ. ಬೇರೆ ಯಾರೂ ಇಲ್ಲ, ನೋಡು" ಎಂದ ಮೋನಾಚಾರಿ.

ಕೆಂಚಣ್ಣ ಹಿಂದಿರುಗಲು ನಾಲ್ಕು ಹೆಜ್ಜೆ ಇಟ್ಟ. ಮೂಡಲಿಂದ ಮೋಡ ಸರಿಯುತ್ತಿತ್ತು. ವಾಪಸು ಬಂದು ತಿದಿಯ ಮುಂದೆ ಕೂತ. ಬೋರಕ್ಕ ಕಚ್ಚೆ ಬಿಗಿದು ಚಮ್ಮಟಿಗೆ ಎತ್ತಿ ತನ್ನ ಕುಳವನ್ನು ತಾನೇ ಬಡಿದಳು. ಆಮೇಲೆ ಅವನ ಸರದಿ. ಮುದುಕಿ ತಿದಿ ಒತ್ತುತ್ತಿದ್ದರೆ ಅವನ ಪೆಟ್ಟು ಎರಡು ಸಲ ಅಡಿಗಲ್ಲಿನ ಅಂಚಿಗೆ ಬಿತ್ತು.

"ಗುರಿ ನೋಡಿ ಹೊಡಿಯಪ್ಪ" ಎಂದಳು ಬೋರಕ್ಕ.

ಅವಳು ಹೇಳಿದ್ದು ಕುಳದ ಮಾತನ್ನೇ ಇರಬಹುದು. ಕೆಂಚಣ್ಣ ಮಾತ್ರ ಚಮ್ಮಟಿಗೆ ಇಳಿಸಿ ಮುಖ ಒರೆಸಿಕೊಂಡ. ಮತ್ತೆ ಎತ್ತಿ ಬಡಿದ. ಕೆಲಸ ಮುಗಿದ ಮೇಲೆ ಅವಳ ಕುಳವನ್ನೂ ತಾನೇ ಎತ್ತಿಕೊಂಡು ಪಡುವಲ ಇಳಿಜಾರಿನ ಬುಡದವರೆಗೆ ಹೋಗಿ ಕೊಟ್ಟು ಬಂದ.

ಅಂದಿನಿಂದ ಮೋನಾಚಾರಿ ಅದನ್ನೇ ಕಟ್ಟಳೆ ಮಾಡಿದ. ಯಾವ ಊರಿನ ಕಬ್ಬಿಣ ಬೆಂಕಿಯಲ್ಲಿದೆಯೋ ಆ ಊರಿನವರು ತಿದಿ ಒತ್ತುವಂತಿಲ್ಲ. ಇನ್ನೊಂದು ಊರಿನವರೇ ಒತ್ತಬೇಕು. ಜನ ಗೊಣಗಿದರು, ಉಗಿದರು, ಆದರೂ ಬಂದರು. ಎದುರು ಊರಿನವರು ಬರುವವರೆಗೆ ಕಾಯಬೇಕಾಗುತ್ತಿತ್ತು. ಮೊದಮೊದಲು ಬೆನ್ನು ತಿರುಗಿಸಿ ಕೂರುತ್ತಿದ್ದವರು, ಎಷ್ಟು ಹೊತ್ತು ಹಾಗೆ ಕೂತಾರು? ಮಳೆಯ ಮಾತು ಬಂತು, ಎತ್ತಿನ ಕಾಲುಬೇನೆಯ ಮಾತು ಬಂತು. ಕೆಂಪು ಮಣ್ಣಿನವರ ಬಿತ್ತನೆ ಮುಂಚೆ, ಎರೆಭೂಮಿಯವರದು ಆಮೇಲೆ ಎಂಬುದು ಆಗ ಎಲ್ಲರ ಗಮನಕ್ಕೆ ಬಂತು. ಮುಂಚೆ ಮುಗಿಸಿದವರ ಎತ್ತುಗಳು ತಡವಾದವರ ಹೊಲಕ್ಕೆ ಬಂದದ್ದು ಎರಡನೆಯ ವರ್ಷವೋ ಮೂರನೆಯ ವರ್ಷವೋ.

ಅಷ್ಟರೊಳಗೆ, ಮುಂದಿನ ಬೇಸಿಗೆಯಲ್ಲಿ, ಓಬಳೇಗೌಡ ಇಪ್ಪತ್ತು ಜನರನ್ನು ಕರೆದುಕೊಂಡು ಗುಡ್ಡ ಹತ್ತಿದ. ಮುರಿದ ಈಟಿ, ಮೊಂಡು ಅಲಗುಗಳ ಹೊರೆಯನ್ನು ಅಡಿಗಲ್ಲಿನ ಮುಂದೆ ಸುರಿಸಿ, "ಇವನ್ನ ಹದಮಾಡು" ಎಂದ. ಮೋನಾಚಾರಿ ಕೂತಲ್ಲೇ ಒಂದು ಅಲಗನ್ನು ಎತ್ತಿ ತಿರುಗಿಸಿ ನೋಡಿದ.

"ಮಾಡ್ತೀನಿ ಗೌಡ್ರೆ. ನಾನು ಕಮ್ಮಾರ, ಇಲ್ಲ ಅನ್ನೋದಿಲ್ಲ. ಕಟ್ಟಳೆ ಒಂದೇ. ತಿದಿ ಒತ್ತೋಕೆ ಕೆಂಗಲಾಪುರದವರು ಒಬ್ಬರನ್ನ ಕರೆಸಿ."

ಗೌಡ ಅಡಿಗಲ್ಲನ್ನು ಕೆಳಕ್ಕೆ ಉರುಳಿಸಿರೆಂದು ಕೂಗಿದ. ಯಾರೂ ಕದಲಲಿಲ್ಲ. ಆ ಇಪ್ಪತ್ತು ಜನರ ಕುಳಗಳೂ ಕಳೆದ ಮಳೆಗೆ ಅದೇ ಕಲ್ಲಿನ ಮೇಲೆ ಹದಗೊಂಡಿದ್ದವು. ಕೆಂಚಣ್ಣ ಮುಂದೆ ಬಂದು, "ಬುದ್ಧೀ, ಇದನ್ನ ಒಡೆದರೆ ಬಿತ್ತನೆಗೆ ಏನು ಮಾಡೋಣ? ಅಲ್ಲದೆ ನನ್ನ ಕುಳಕ್ಕೆ ತಿದಿ ಒತ್ತಿದ ಮುದುಕಿಯ ಊರಿನ ಮೇಲೆ ಈಟಿ ಹಿಡಿದು ಹೋಗೋಕೆ ನನ್ನ ಕೈಲಾಗೋದಿಲ್ಲ" ಎಂದ. ಗೌಡ ಅವನನ್ನು ದುರುಗುಟ್ಟಿ ನೋಡಿದ. ಹೊರೆಯನ್ನು ಅಲ್ಲೇ ಬಿಟ್ಟು ಇಳಿದು ಹೋದ. ಹದಿನೈದು ದಿನಗಳ ಬಳಿಕ ಕೆಂಗಲಾಪುರದ ಕೆಲವರೂ ತಮ್ಮ ಈಟಿಗಳನ್ನು ತಂದರು. ಅವರಿಗೂ ಅದೇ ಉತ್ತರ ಸಿಕ್ಕಿತು.

ಜಗಳಗಳು ಅಲ್ಲಿಗೆ ಮುಗಿದವೆಂದು ಯಾರೂ ಹೇಳುವುದಿಲ್ಲ. ದನ ಬೇಲಿ ಹಾರಿದರೆ ಇಂದಿಗೂ ಬೈಗುಳಗಳು ಗುಡ್ಡ ದಾಟುತ್ತವೆ. ಪೇಟೆಯಿಂದ ಈಟಿ ಮಾಡಿಸಿ ತಂದವರೂ ಒಂದಿಬ್ಬರಿದ್ದರಂತೆ. ಆದರೆ ಸರದಿ ಕಾಯುತ್ತ ಕೂತ ಜನರೇ ಒಂದು ದಿನ ಮೇವಿನ ಪಾಲು ಮಾಡಿಕೊಂಡರು. ಒಂದು ವರ್ಷ ಇವರ ದನ ಮೊದಲು ಮೇಯಬೇಕು, ಮರುವರ್ಷ ಅವರ ದನ. ಆಮೇಲೆ ಆ ಗುಡ್ಡದ ಮೇಲೆ ಹೆಣ ಬಿದ್ದಿಲ್ಲ. ಗಡಿಗುಡ್ಡವೆಂಬ ಹೆಸರು ಮುದುಕರ ಬಾಯಲ್ಲಿ ಸವೆದು ಹೋಗಿ ತಿದಿಗುಡ್ಡವೆಂಬುದು ಉಳಿಯಿತು. ಓಬಳೇಗೌಡ ಮಾತ್ರ ಸಾಯುವವರೆಗೂ ಮೇಲಕ್ಕೆ ಮತ್ತೆ ಹತ್ತಲಿಲ್ಲ. ತನ್ನ ಕುಳಗಳನ್ನು ಆಳಿನ ಕೈಯಲ್ಲಿ ಕಳಿಸುತ್ತಿದ್ದ.

ಈಗ ಎರಡೂ ಊರಿನಲ್ಲಿ ಟ್ರ್ಯಾಕ್ಟರುಗಳಿವೆ, ಕುಲುಮೆಯ ಅಗತ್ಯ ಯಾರಿಗೂ ಇಲ್ಲ. ಆದರೂ ಮೊದಲ ಹದಮಳೆಯ ನಂತರದ ಸೋಮವಾರ ಬೆಳಿಗ್ಗೆ ಎರಡೂ ಕಡೆಯಿಂದ ಜನ ಮೇಲೆ ಬರುತ್ತಾರೆ. ತಿದಿಗೆ ಹೊಸ ತೊಗಲನ್ನು ಕೆಂಗಲಾಪುರದವರು ತರುತ್ತಾರೆ, ಇದ್ದಿಲನ್ನು ಎರೆಹೊಳಲಿನವರು. ಮನೆಗೊಂದು ಕಬ್ಬಿಣ ಬೆಂಕಿಗೆ ಬೀಳುತ್ತದೆ. ಕುಡುಗೋಲೋ, ಟ್ರ್ಯಾಕ್ಟರಿನ ರಂಟೆಯ ಹಲ್ಲೋ, ಕಡೆಗೆ ಅಡುಗೆಮನೆಯ ಈಳಿಗೆಯಾದರೂ ಆದೀತು. ತನ್ನದಕ್ಕೆ ತಿದಿ ಒತ್ತಿದವನನ್ನು ತಿದಿಯಣ್ಣ ಎಂದೂ ಒತ್ತಿದವಳನ್ನು ತಿದಿಯಕ್ಕ ಎಂದೂ ಕರೆಯುತ್ತಾರೆ, ಮನೆಯ ಮದುವೆಯ ಮೊದಲ ವೀಳ್ಯ ಅವರಿಗೆ. ಆ ದಿನ ದೂರದಿಂದ ನೋಡಲು ಬಂದವರನ್ನು ಬಾಗಿಲಿಲ್ಲದ ಆ ಚಪ್ಪರದಡಿ ಕೂತ ಯಾರಾದರೂ ಹಿರಿಯರು ಕೇಳುತ್ತಾರೆ: "ನೀವು ಯಾವ ಊರಿನವರು?" ಎರಡೂ ಅಲ್ಲ ಎಂದರೆ, "ಹಾಗಾದ್ರೆ ಒಳ್ಳೇದಾಯ್ತು, ಯಾರದಕ್ಕೆ ಬೇಕಾದ್ರೂ ಒತ್ತಬಹುದು" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಾರೆ.