ಕಣದ ಫೋಟೋದಲ್ಲಿದ್ದ ಕೂಸು

ಎರೆ ಬಯಲಿನ ನಡುವೆ ಒಂದು ಹೊಳೆ. ಅದರ ದಂಡೆಯ ಮೇಲಿನ ಸಣ್ಣ ಮಠದಲ್ಲಿ ಗುರುಪಾದಜ್ಜನವರು ಇದ್ದರು. ಚನಮಲ್ಲ ಅವರ ಶಿಷ್ಯ.

ಸುತ್ತಲಿನ ಊರುಗಳ ಚರಿತ್ರೆ ಬರೆಯಬೇಕೆಂದು ಚನಮಲ್ಲನಿಗೆ ಹಂಬಲ. ಮನೆಮನೆಗೆ ಹೋಗಿ ಹಳೆಯ ಫೋಟೋ ಕೇಳಿ ತರುತ್ತಿದ್ದ. ನಕಲು ತೆಗೆಸಿ ಮರಳಿಸುತ್ತಿದ್ದ.

ಹಾಗೆ ಒಮ್ಮೆ ಫಕೀರವ್ವನೆಂಬ ಮುದುಕಿಯ ಮನೆಯಿಂದ ಒಂದು ಫೋಟೋ ತಂದ. ಅವಳಿಗೆ ಕಣ್ಣು ಹೋಗಿ ಬಹಳ ಕಾಲವಾಗಿತ್ತು.

ಅದು ಹೊಳೆ ದಂಡೆಯಲ್ಲಿದ್ದ ಅವಳ ಹಳೇ ಊರಿನ ಕಣದಲ್ಲಿ ತೆಗೆದ ಫೋಟೋ. ಜೋಳದ ರಾಶಿಯ ಮುಂದೆ ಊರವರೆಲ್ಲ ನಿಂತಿದ್ದರು. ಸಾಲಿನ ತುದಿಗೆ ಒಂದು ಹೆಣ್ಣುಕೂಸು. ಅದು ಫಕೀರವ್ವನ ಮಗಳು ತಂಗೆವ್ವ.

ಮುಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿ ಬಂದು ಆ ಊರು ಕೊಚ್ಚಿಹೋಯಿತು. ತಂಗೆವ್ವನೂ ಹೋದಳು.

"ಆಕೀದು ಇದೊಂದ ಫೋಟೋ ಅದ, ತಮ್ಮಾ. ಜ್ವಾಕಿ," ಎಂದು ಹೇಳಿ ಫಕೀರವ್ವ ಕೊಟ್ಟಿದ್ದಳು.

ಫೋಟೋದ ಅಂಚಿಗೆ ಹಳೆಯ ಕೆಸರಿನ ಕಲೆ ಇತ್ತು. ನಕಲು ತೆಗೆಸುವ ಮೊದಲು ಚನಮಲ್ಲ ಅದನ್ನು ಗಾಜಿನ ಕಟ್ಟಿನಿಂದ ಬಿಡಿಸಿ ಒದ್ದೆ ಬಟ್ಟೆಯಿಂದ ಒರೆಸಿದ.

ಕಲೆ ಹೋಯಿತು. ಅದರ ಜೊತೆಗೆ ಕೂಸಿನ ಮುಖವೂ ಹೋಯಿತು.

ಅವನು ಗುರುಗಳ ಬಳಿಗೆ ಓಡಿದ.

"ತಪ್ಪಾತ್ರಿ, ಅಜ್ಜಾರ. ಪ್ಯಾಟಿಯೊಳಗ ಒಬ್ಬ ಚಿತ್ರಗಾರ ಅದಾನ. ಮಾರಿ ಬರದ ಕೊಡ್ತಾನ."

"ಯಾರ ಮಾರಿ?"

ಚನಮಲ್ಲ ಫೋಟೋ ಮಗುಚಿ ಹಿಡಿದು ಮೆಲ್ಲಗೆ ಹೇಳಿದ:

"ಹಂಗ ಕೊಟ್ಟು ಬಂದ್ರ? ಆಕೀಗೆ ಕಣ್ಣ ಕಾಣಂಗಿಲ್ಲ. ಗೊತ್ತಾಗಂಗಿಲ್ರಿ. ಸುಮ್ಮನ ಆಕೀಗೆ ಯಾಕ ನೋವು?"

"ಆಕೀ ನೋವಿಗೆ ಅಂಜತೀಯೋ, ನಿನ್ನ ನೋವಿಗೆ ಅಂಜತೀಯೋ?"

ಚನಮಲ್ಲ ಫೋಟೋವನ್ನು ಮತ್ತೆ ಕಟ್ಟಿಗೆ ಸೇರಿಸಿ, ಎತ್ತಿಕೊಂಡು ಹೊರಟ.

ಫಕೀರವ್ವ ಗೋಡೆಯ ನೆರಳಿಗೆ ಕೂತಿದ್ದಳು. ಅವನು ಫೋಟೋ ಅವಳ ಕೈಗಿಟ್ಟು, ನಡೆದದ್ದನ್ನು ಹೇಳಿದ.

"ಪೂರಾ ಹೋತೇನು?"

"ಹೂಂ, ಆಯಿ."

"ಕೈ?"

"ಕೈ ಅದಾವ. ಲಂಗಾನೂ ಅದ. ಮಾರಿ ಅಷ್ಟ ಇಲ್ಲ."

ಅವಳು ಬಯ್ಯಲಿಲ್ಲ. ಬೆರಳಿನಿಂದ ಗಾಜನ್ನು ಸವರುತ್ತ ಕೂತಳು.

"ನನ್ನ ಕಣ್ಣ ಹೋದಮ್ಯಾಲ ಮನ್ಯಾಗ ಅದನ್ನ ಯಾರೂ ನೋಡಿಲ್ಲ, ತಮ್ಮಾ. ಕಡೀಕ ನೋಡಿದಾಂವ ನೀನ. ಹೇಳು, ಹೆಂಗ ಕಂಡ್ಲು? ನಗತಿದ್ಲೇನು?"

ಚನಮಲ್ಲ ನೆನಪು ಮಾಡಿಕೊಂಡ. ಜೋಳದ ರಾಶಿ ಕಣ್ಣಿಗೆ ಬಂತು. ಗಂಡಸರ ರುಮಾಲುಗಳು ಬಂದವು. ಹಿಂದೆ ನಿಲ್ಲಿಸಿದ್ದ ಬಂಡಿ, ಊರಿನ ಅಗಸಿಯ ಬಾಗಿಲು, ಎಲ್ಲ ಬಂದವು. ಕೂಸಿನ ಮುಖ ಮಾತ್ರ ಬರಲಿಲ್ಲ.

ಹೂಂ ಅಂದಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಆ ಮಾತು.

"ಗೊತ್ತಿಲ್ಲ, ಆಯಿ. ನಾ ಊರು ನೋಡಿದೆ. ಆಕೀನ್ನ ನೋಡಲಿಲ್ಲ."

ಆಗ ಫಕೀರವ್ವ ಅತ್ತಳು. ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು.

ಆಮೇಲೆ ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು.

"ನಗತಿರಲಿಲ್ಲ ಆಕಿ. ಬಾಯಾಗ ಬೆಲ್ಲದ ಚೂರು ಇಟಗೊಂಡಿದ್ಲು. ಫೋಟೋ ತಗ್ಯಾಂವ ಉಗುಳು ಅಂದ. ಉಗುಳಲಿಲ್ಲ. ಒಂದ ಗಲ್ಲ ಉಬ್ಬಿತ್ತು."

ಅವಳು ತನ್ನ ಹುಬ್ಬು ಮುಟ್ಟಿ ತೋರಿಸಿದಳು. "ಹುಬ್ಬಿನ ಮ್ಯಾಲ ಗಾಯದ ಗುರ್ತು. ದನ ಮೇಯೂ ಗ್ವಾದಲಿ ಕಲ್ಲಿಗೆ ಬಡಕೊಂಡಿದ್ಲು. ಬಿಸಲಿಗೆ ಒಂದ ಕಣ್ಣ ಮುಚ್ಚಿದ್ಲು. ತಲಿಗೆ ಎಣ್ಣಿ ಹಚ್ಚಿ ಬಿಗದ ಹೆಣದಿದ್ದೆ, ನೋವಾಗತದಂತ ನನ್ನ ಮ್ಯಾಲ ಸಿಟ್ಟಾಗಿದ್ಲು."

ದನಗಳು ಮನೆಗೆ ಬರುವ ಹೊತ್ತಾದರೂ ಅವಳ ಮಾತು ಮುಗಿಯಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದಳು. ಚನಮಲ್ಲ ಕೈ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಅವನು ಅವಳ ಊರಿನ ಕಡೆ ಹೋದಾಗಲೆಲ್ಲ ಅವಳ ಬಳಿ ಕೂತು ಬರುತ್ತಿದ್ದ. ಹಿಂಗಾರಿ ಬಿತ್ತನೆ ಮುಗಿಯುವ ಹೊತ್ತಿಗೆ ಫಕೀರವ್ವ ತೀರಿಕೊಂಡಳು.

ಅವಳ ತಮ್ಮನ ಮಗ ಆ ಫೋಟೋ ಹಿಡಿದು ಮಠಕ್ಕೆ ಬಂದ.

"ಇದರಾಗ ಇದ್ದೋರು ಯಾರಂತ ನಮ್ಮ ಮನ್ಯಾಗ ಒಬ್ಬರಿಗೂ ಗುರ್ತಿಲ್ರಿ. ಬೇಕಾದ್ರ ಇಟಗೋರಿ," ಎಂದು ಕೊಟ್ಟು ಹೋದ.

ಚನಮಲ್ಲ ಅದನ್ನು ಎದೆಗೆ ಆನಿಸಿಕೊಂಡು ಅಂಗಳದಲ್ಲಿ ನಿಂತ. ಗುರುಗಳು ಹೊಳೆಯಿಂದ ನೀರು ಹೊತ್ತು ಬರುತ್ತಿದ್ದರು.

"ಅಜ್ಜಾರ, ಆ ಕೂಸಿನ ಮಾರಿ ಬಲ್ಲಾಕಿ ಆಕಿ ಒಬ್ಬಾಕೀನ ಇದ್ಲು. ಆಕೀನೂ ಹೋದ್ಲು. ಇನ್ನ ಇದನ್ನ ಇಟಗೊಂಡು ಏನ್ ಮಾಡೂದ್ರಿ?"

ಗುರುಗಳು ಕೊಡ ಕೆಳಗಿಟ್ಟರು. ಕಟ್ಟೆಯ ಮೇಲೆ ಕೂತು, ಒಂದಿಷ್ಟು ಸರಿದು ಜಾಗ ಮಾಡಿದರು.

"ಆಕಿ ನಿನಗ ಹೇಳಿದ್ದು ನಾನಿನ್ನೂ ಕೇಳಿಲ್ಲ. ಬಾ, ಕುಂದ್ರು."